ಪರದೇಶದ ಪಂಕ್ತಿಯಲ್ಲಿ ಶ್ರಾವಕನ ವ್ರತ

ಆಹಾರಶುದ್ಧಿಯು ಶ್ರಾವಕಾಚಾರದ ಮೊದಲ ಮೆಟ್ಟಿಲು. ಮದ್ಯ, ಮಾಂಸ, ಮಧುಗಳ ತ್ಯಾಗ ಹಾಗೂ ಪಂಚ ಉದುಂಬರ ಫಲಗಳ ತ್ಯಾಗ, ಇವೆಂಟನ್ನು ಆಚಾರ್ಯರು ಮೂಲಗುಣಗಳೆಂದು ಕರೆದಿರುವುದು ಇವಿಲ್ಲದೆ ಮುಂದಿನ ವ್ರತಗಳಾವುವೂ ನಿಲ್ಲಲಾರವೆಂಬ ಅಭಿಪ್ರಾಯದಿಂದಲೇ. ಆದರೆ ಹುಟ್ಟಿದೂರಿನಲ್ಲಿ ಈ ಗುಣಗಳನ್ನು ನಿಜವಾಗಿ ಪಾಲಿಸುತ್ತಿರುವವರು ಯಾರು ಎಂದು ವಿಚಾರಿಸಿದರೆ ಉತ್ತರ ಅಷ್ಟು ಸುಲಭವಲ್ಲ. ತಾಯಿಯ ಅಡುಗೆಮನೆ, ಬಸದಿಯ ಗಂಟೆ, ನೆರೆಹೊರೆಯವರ ಕಣ್ಣು, ನೆಂಟರ ನಾಲಗೆ, ಇವೆಲ್ಲ ಸೇರಿ ವ್ಯಕ್ತಿಯ ಪರವಾಗಿ ವ್ರತವನ್ನು ಕಾಯುತ್ತಿರುತ್ತವೆ. ಈ ಕಾವಲು ಇಲ್ಲದ ಕಡೆ ಎಷ್ಟು ಉಳಿಯುವುದೋ ಅಷ್ಟೇ ಆತನ ಸ್ವಂತ ಬಂಡವಾಳ. ಮಿಕ್ಕದ್ದು ಸಮಾಜದಿಂದ ಪಡೆದ ಸಾಲ.

ಇಂದು ಶ್ರಾವಕ ಕುಟುಂಬಗಳ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಜರ್ಮನಿಗೆ ಹೋಗುತ್ತಿದ್ದಾರೆ. ಜರ್ಮನಿ ಎಂದೊಡನೆ ಹಿರಿಯರಿಗೆ ಹಂದಿಮಾಂಸ ಮತ್ತು ಬೀರಿನ ದೇಶವೆಂಬ ಚಿತ್ರ ಮೂಡುವುದು ಸಹಜ. ಆ ಚಿತ್ರ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. 1867ರಷ್ಟು ಹಿಂದೆಯೇ ಎಡ್ವರ್ಡ್ ಬಾಲ್ಟ್ಸರ್ ಎಂಬ ಧರ್ಮಬೋಧಕರು ನೋರ್ಡ್‌ಹೌಸೆನ್ ಪಟ್ಟಣದಲ್ಲಿ ಆ ದೇಶದ ಮೊದಲ ಸಸ್ಯಾಹಾರಿ ಸಂಘವನ್ನು ಸ್ಥಾಪಿಸಿದರು. 1893ರಲ್ಲಿ ಬರ್ಲಿನ್ನಿನ ಸಮೀಪ ಓರಾನಿಯೆನ್‌ಬುರ್ಗ್‌ನಲ್ಲಿ ಸಸ್ಯಾಹಾರಿಗಳೇ ಕೂಡಿ ಹಣ್ಣಿನ ತೋಟಗಳ ನಡುವೆ 'ಏಡನ್' ಎಂಬ ವಸತಿಯನ್ನು ಕಟ್ಟಿದರು. ಜೈನ ಆಗಮಗಳನ್ನು ಇಂಗ್ಲಿಷಿಗೆ ತಂದು 1884 ಮತ್ತು 1895ರಲ್ಲಿ ಪ್ರಕಟಿಸಿ, ಜೈನಧರ್ಮವು ಬೌದ್ಧಧರ್ಮದ ಶಾಖೆಯಲ್ಲವೆಂದು ಪಾಶ್ಚಾತ್ಯ ಜಗತ್ತಿಗೆ ತೋರಿಸಿಕೊಟ್ಟ ಹರ್ಮನ್ ಯಾಕೋಬಿಯವರು ಜರ್ಮನ್ ವಿದ್ವಾಂಸರೇ. ಕನ್ನಡಿಗರಿಗಂತೂ ಈ ನಂಟು ಇನ್ನೂ ಹತ್ತಿರದ್ದು: ಜೈನ ವೈಯಾಕರಣ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಿಂದ ಸಂಪಾದಿಸಿ ಹೊರತಂದ ಕಿಟ್ಟೆಲ್ ಅವರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗೆನ್ ನಗರದಲ್ಲಿ. 2002ರಲ್ಲಿ ಆ ದೇಶದ ಸಂವಿಧಾನದಲ್ಲಿಯೇ ಪ್ರಾಣಿಗಳ ರಕ್ಷಣೆಯು ರಾಜ್ಯದ ಗುರಿಯೆಂದು ಸೇರಿಸಲ್ಪಟ್ಟಿತು. ಅಲ್ಲಿ ತಲಾ ಮಾಂಸಸೇವನೆಯು 2018ರಲ್ಲಿ ವರ್ಷಕ್ಕೆ ಸುಮಾರು 61 ಕಿಲೋ ಇದ್ದದ್ದು 2023ರ ಹೊತ್ತಿಗೆ ಸುಮಾರು 52 ಕಿಲೋಗೆ ಇಳಿದಿದೆ. ಇಳಿದರೂ 52 ಕಿಲೋ ಎಂಬುದು ಅಲ್ಪವಲ್ಲ ಎಂಬುದನ್ನೂ ಮರೆಯಬಾರದು.

ಆದುದರಿಂದ ಅಲ್ಲಿ ಹೋದ ತರುಣನಿಗೆ ಸಸ್ಯಾಹಾರ ದೊರೆಯದೆಂಬ ಭಯ ಬೇಡ. ಪೇಟೆಯ ಪೊಟ್ಟಣಗಳ ಮೇಲೆ ಘಟಕಗಳ ಪಟ್ಟಿ ಇರುತ್ತದೆ. ಯೂರೋಪಿನ ನಿಯಮದಂತೆ 2014ರ ಡಿಸೆಂಬರಿನಿಂದ ಮೊಟ್ಟೆ, ಮೀನು ಮೊದಲಾದವುಗಳ ಹೆಸರನ್ನು ಆ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕು. ತೊಡಕಿರುವುದು ಕಣ್ಣಿಗೆ ಕಾಣದ ವಸ್ತುಗಳಲ್ಲಿ. ಗಿಣ್ಣು ತಯಾರಿಸಲು ಹಾಲನ್ನು ಹೆಪ್ಪುಗಟ್ಟಿಸುವ ಪದಾರ್ಥವನ್ನು ಹಲವೆಡೆ ಕರುವಿನ ಜಠರದಿಂದ ತೆಗೆಯುತ್ತಾರೆ. ಮಕ್ಕಳ ಬಣ್ಣದ ಮಿಠಾಯಿಯಲ್ಲಿ ಹಂದಿಯ ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಹಣ್ಣಿನ ರಸವನ್ನು ತಿಳಿಗೊಳಿಸಲು ಅದೇ ಜೆಲಟಿನ್ ಬಳಸಿ ತೆಗೆದರೆ ಪಟ್ಟಿಯಲ್ಲಿ ನಮೂದಿಸಬೇಕಾಗಿಯೂ ಇಲ್ಲ. ಇವೆಲ್ಲಕ್ಕಿಂತ ದೊಡ್ಡ ತೊಡಕು ಸ್ನೇಹದಲ್ಲಿದೆ. ಏಕಾಂಗಿಯಾಗಿ ಅಕ್ಕಿ ಬೇಳೆ ಬೇಯಿಸಿಕೊಂಡು ಉಣ್ಣುವವನಿಗೆ ಪ್ರಶ್ನೆಗಳೇ ಏಳುವುದಿಲ್ಲ. ಸ್ನೇಹಿತನ ಮನೆಯ ಮೇಜಿನ ಮುಂದೆ ಕುಳಿತವನಿಗೆ ಎಲ್ಲ ಪ್ರಶ್ನೆಗಳೂ ಒಮ್ಮೆಗೇ ಎದುರಾಗುತ್ತವೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಕಾರ್ಕಳದ ಕಡೆಯ ಶ್ರಾವಕ ಮನೆತನದ ತರುಣನೊಬ್ಬ ಸ್ಟುಟ್‌ಗಾರ್ಟ್ ನಗರದಲ್ಲಿ ಯಂತ್ರವಿದ್ಯೆಯ ಉನ್ನತ ವ್ಯಾಸಂಗ ಮಾಡುತ್ತಿದ್ದನು. ಸಹಪಾಠಿಯೊಬ್ಬನು ಆತನನ್ನು ಒಂದು ಭಾನುವಾರ ಮಧ್ಯಾಹ್ನ ತನ್ನ ಹಳ್ಳಿಯ ಮನೆಗೆ ಊಟಕ್ಕೆ ಕರೆದನು. ಅತಿಥಿ ಮಾಂಸ ತಿನ್ನುವವನಲ್ಲವೆಂದು ಮಗನಿಂದ ಮೊದಲೇ ತಿಳಿದಿದ್ದ ಆ ತಾಯಿ, ಆತನಿಗಾಗಿಯೇ ಆಲೂಗಡ್ಡೆಯ ಸಲಾಡನ್ನು ಪ್ರತ್ಯೇಕ ಪಾತ್ರೆಯಲ್ಲಿ ಸಿದ್ಧಪಡಿಸಿದ್ದಳು. ಕಂದಮೂಲದ ತ್ಯಾಗವನ್ನು ಪರದೇಶದಲ್ಲಿ ತಾನು ನಡೆಸಲಾರೆನೆಂದು ಹೊರಡುವಾಗಲೇ ಮನೆಯಲ್ಲಿ ತಿಳಿಸಿ ಹೋಗಿದ್ದ ತರುಣನು ಅದನ್ನು ಸಂತೋಷದಿಂದ ಉಣ್ಣತೊಡಗಿದನು. ಅರ್ಧ ಉಂಡ ಮೇಲೆ ರುಚಿಯನ್ನು ಹೊಗಳಿದಾಗ ಆಕೆ ಅಭಿಮಾನದಿಂದ ಗುಟ್ಟನ್ನು ಹೇಳಿದಳು: ತಮ್ಮ ಸೀಮೆಯಲ್ಲಿ ಈ ಸಲಾಡಿಗೆ ಎಣ್ಣೆ, ಹುಳಿಗಳ ಜೊತೆಗೆ ಬಿಸಿ ಸಾರನ್ನು ಹೊಯ್ಯುತ್ತಾರೆ, ಅದು ದನದ ಮಾಂಸವನ್ನು ಬೇಯಿಸಿ ಬಸಿದ ಸಾರು. ಆಕೆಯ ದೃಷ್ಟಿಯಲ್ಲಿ ಮಾಂಸವೆಂದರೆ ತುಂಡು. ತುಂಡಿಲ್ಲದ ಮೇಲೆ ಮಾಂಸವೆಲ್ಲಿ?

ತರುಣನು ಕೈಯನ್ನು ಹಿಂತೆಗೆದನು. ಏನೂ ಆಗದವನಂತೆ ಉಂಡು ಮುಗಿಸುವುದೋ, ಹೊಟ್ಟೆ ತುಂಬಿತೆಂದು ಸುಳ್ಳಾಡುವುದೋ, ಸತ್ಯವನ್ನು ಹೇಳಿ ಆ ತಾಯಿಯ ಮನಸ್ಸನ್ನು ನೋಯಿಸುವುದೋ ಎಂಬ ಮೂರು ದಾರಿಗಳು ಆತನ ಮುಂದಿದ್ದವು. ಆತನು ಮೂರನೆಯದನ್ನು ಆರಿಸಿಕೊಂಡನು. ತಪ್ಪು ತನ್ನದೇ, ಸಾರಿನ ವಿಷಯವನ್ನು ಮೊದಲೇ ತಿಳಿಸಬೇಕಾಗಿತ್ತು ಎಂದು ಮೃದುವಾಗಿ ಹೇಳಿ ತಟ್ಟೆಯನ್ನು ಬದಿಗಿಟ್ಟನು. ಆಕೆಯ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಮೇಜಿನ ಸುತ್ತ ಯಾರೂ ಮಾತನಾಡಲಿಲ್ಲ. ಅಂದು ರಾತ್ರಿ ಆತನು ಊರಿಗೆ ಫೋನ್ ಮಾಡಿ ಅಳುದನಿಯಲ್ಲಿ ನಡೆದುದನ್ನು ತಿಳಿಸಿದಾಗ ತಾಯಿ ಹೇಳಿದ್ದು ಇಷ್ಟೇ: "ಗೊತ್ತಿಲ್ಲದೆ ಉಂಡದ್ದಕ್ಕೆ ಅಳಬೇಡ ಮಗ. ಗೊತ್ತಾದ ಮೇಲೆ ಏನು ಮಾಡಿದೆ, ಅದನ್ನು ಹೇಳು."

ಆ ತಾಯಿ ಶಾಸ್ತ್ರಗಳನ್ನು ಓದಿದವಳಲ್ಲದಿರಬಹುದು, ಆದರೆ ಆಕೆಯ ಮಾತು ಶಾಸ್ತ್ರಸಮ್ಮತವಾದುದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣವನ್ನಷ್ಟೇ ಹೇಳದೆ, ಅದು ಪ್ರಮಾದದಿಂದ ಕೂಡಿರಬೇಕೆಂಬುದನ್ನೂ ಸೇರಿಸಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ಎಚ್ಚರದಿಂದಿದ್ದೂ ತಿಳಿಯದೆ ನಡೆದುಹೋದದ್ದಕ್ಕೂ, ಎಚ್ಚರವಿಲ್ಲದೆ ನಡೆಸಿದ್ದಕ್ಕೂ ಅಜಗಜಾಂತರವಿದೆ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಾದ ಅಪಾಯವಿದೆ. ತಿಳಿಯದೆ ಉಂಡರೆ ದೋಷ ಕಡಿಮೆಯೆಂದಾದರೆ, ಇನ್ನು ಮುಂದೆ ಕೇಳದಿರುವುದೇ ಲೇಸಲ್ಲವೇ? ಸ್ನೇಹವೂ ಉಳಿಯುತ್ತದೆ, ವ್ರತವೂ ಉಳಿದಂತೆ ಕಾಣುತ್ತದೆ. ಪರದೇಶದಲ್ಲಿರುವ ಅನೇಕರು ಈ ದಾರಿಯನ್ನು ಹಿಡಿಯುವರು. ವ್ಯಾಪಾರದ ಅನುಭವವುಳ್ಳವರಿಗೆ ಇದರ ಪೊಳ್ಳುತನ ಬೇಗ ತಿಳಿಯುತ್ತದೆ. ಪೇಟೆಯ ದರದ ಅರ್ಧಕ್ಕೆ ಸರಕು ಬಂದಾಗ, ಅದು ಎಲ್ಲಿಂದ ಬಂತೆಂದು ವಿಚಾರಿಸದೆ ಕೊಂಡ ವ್ಯಾಪಾರಿಯು ಮುಂದೆ ಅದು ಕದ್ದ ಮಾಲೆಂದು ಹೊರಬಿದ್ದಾಗ 'ನನಗೆ ತಿಳಿದಿರಲಿಲ್ಲ' ಎಂದರೆ ಯಾರು ನಂಬುವರು? ತಿಳಿಯಬಾರದೆಂದೇ ಕೇಳದಿದ್ದವನ ಅಜ್ಞಾನವು ಅಜ್ಞಾನವಲ್ಲ, ಅದೇ ಪ್ರಮಾದ. ಆ ತರುಣನಿಗೆ ಮೊದಲ ದಿನ ಇದ್ದ ರಕ್ಷಣೆ ಎರಡನೆಯ ದಿನಕ್ಕೆ ಇಲ್ಲ. ಏಕೆಂದರೆ ಸಾರಿನ ಗುಟ್ಟು ಈಗ ಆತನಿಗೆ ಗೊತ್ತಾಗಿದೆ.

'ಪ್ರಾಣಿ ಹೇಗೂ ಸತ್ತಿದೆ, ಒಂದು ಸೌಟು ಸಾರಿನಿಂದ ಅದಕ್ಕೆ ಹೊಸದಾಗಿ ಆಗುವ ಕೇಡೇನು?' ಎಂಬ ವಾದವನ್ನೂ ಸ್ನೇಹಿತರು ಮುಂದಿಡುವುದುಂಟು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನೂ ನಿಷೇಧಿಸಿದ್ದಾರೆ. ಅದನ್ನಾಶ್ರಯಿಸಿ ಹುಟ್ಟುವ ಸೂಕ್ಷ್ಮಜೀವಿಗಳ ಘಾತವನ್ನು ಕಾರಣವಾಗಿ ತೋರಿಸಿದ್ದಾರೆ. ಆ ಜೀವಿಗಳ ಮಾತು ಪರಮತದವರಿಗೆ ಒಪ್ಪಿಗೆಯಾಗದಿದ್ದರೂ ಲೌಕಿಕವಾದ ಉತ್ತರವೊಂದು ಇದ್ದೇ ಇದೆ. ಕೊಳ್ಳುವವರಿರುವುದರಿಂದಲೇ ಕಟುಕನ ಅಂಗಡಿ ನಡೆಯುತ್ತದೆ. ಪ್ರತಿಯೊಬ್ಬನೂ ತನ್ನ ಪಾಲು ಒಂದು ಸೌಟು ಮಾತ್ರವೆಂದುಕೊಂಡರೆ ಸೌಟುಗಳು ಸೇರಿ ಹಂಡೆಯಾಗುತ್ತವೆ.

ಇನ್ನು ಮಾಂಸ ತಿನ್ನುವವರೊಡನೆ ಒಂದೇ ಮೇಜಿನಲ್ಲಿ ಕುಳಿತುಕೊಳ್ಳಬಹುದೇ ಎಂಬ ಪ್ರಶ್ನೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದ ದೋಷ ಬರುವುದೆಂದು ಶಾಸ್ತ್ರ ಹೇಳುತ್ತದೆ: ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಸ್ನೇಹಿತನು ತನ್ನ ತಟ್ಟೆಯಲ್ಲಿ ತಾನು ಬಯಸಿದ್ದನ್ನು ಉಣ್ಣುವಾಗ ಪಕ್ಕದಲ್ಲಿ ಕುಳಿತಿರುವುದು ಕೃತವೂ ಅಲ್ಲ, ಕಾರಿತವೂ ಅಲ್ಲ. ಮನಸ್ಸಿನಲ್ಲಿ ಒಪ್ಪಿಗೆ ಇಲ್ಲವಾದರೆ ಅನುಮೋದನವೂ ಅಲ್ಲ. ಆದರೆ ಉಪಾಹಾರಗೃಹದಲ್ಲಿ ಸ್ನೇಹಿತನ ಮಾಂಸದೂಟಕ್ಕೆ ತಾನು ಹಣ ತೆತ್ತರೆ ಅದು ಕಾರಿತಕ್ಕೆ ಬಹಳ ಸಮೀಪ ಬರುತ್ತದೆ. ಈ ವಿಷಯದಲ್ಲಿ ಜರ್ಮನರ ರೂಢಿಯೊಂದು ಶ್ರಾವಕನಿಗೆ ಅನುಕೂಲವಾಗಿದೆ. ಊಟದ ಕೊನೆಗೆ ಬಡಿಸಿದವನು ಬಂದು, ಲೆಕ್ಕ ಒಟ್ಟಿಗೆ ಬೇಕೋ ಬೇರೆ ಬೇರೆ ಬೇಕೋ ಎಂದು ಕೇಳುತ್ತಾನೆ. ಬೇರೆ ಎಂದರೆ ಅಲ್ಲಿ ಯಾರೂ ಜಿಪುಣತನವೆಂದು ಬಗೆಯುವುದಿಲ್ಲ. ಅವರವರ ತಟ್ಟೆಯ ಹಣವನ್ನು ಅವರವರೇ ಕೊಡುತ್ತಾರೆ. ಭಾರತದ ಔದಾರ್ಯವನ್ನು ಮೆರೆಸಬೇಕೆನಿಸಿದಾಗ ತರುಣನು ಸ್ನೇಹಿತರನ್ನು ತನ್ನ ಕೋಣೆಗೆ ಕರೆದು ಅನ್ನ, ಸಾರು, ಪಲ್ಯಗಳನ್ನು ಬಡಿಸಲಿ. ಅಲ್ಲಿ ಖರ್ಚಿನ ಪೈಸೆಪೈಸೆಯೂ ಅಹಿಂಸೆಯ ಖಾತೆಗೆ ಜಮೆಯಾಗುತ್ತದೆ.

ಈಗ ಆ ದೇಶದ ಅಂಗಡಿಗಳಲ್ಲಿ ಸೋಯಾ, ಬಟಾಣಿ, ಗೋದಿಗಳ ಸತ್ವದಿಂದ ಮಾಡಿದ, ಮಾಂಸದ ಆಕಾರವನ್ನೇ ಹೊತ್ತ ತಿನಿಸುಗಳು ಹೇರಳವಾಗಿ ದೊರೆಯುತ್ತವೆ. ಸ್ನೇಹಿತರು ಪ್ರೀತಿಯಿಂದ ಇವನ್ನು ಮುಂದಿಟ್ಟಾಗ ಜೈನ ತರುಣನಿಗೆ ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ನೆನಪಾದರೆ ಆಶ್ಚರ್ಯವಿಲ್ಲ. ಯಶೋಧರನು ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ಆತನೂ ಆತನ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲಿದರು. ಹಾಗಾದರೆ ಸೋಯಾದ ಮಾಂಸವೂ ಹಿಟ್ಟಿನ ಕೋಳಿಯೇ ಅಲ್ಲವೇ?

ಇಲ್ಲಿ ವಸ್ತುವನ್ನಲ್ಲ, ಭಾವವನ್ನು ತೂಗಬೇಕು. ಯಶೋಧರನ ಕೈಯಲ್ಲಿ ಹಿಟ್ಟಿದ್ದರೂ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿತ್ತು. ಮಾಂಸವನ್ನು ಬಿಡಬೇಕೆಂದು ಸೋಯಾದ ತಿನಿಸನ್ನು ಕೊಳ್ಳುವ ಜರ್ಮನ್ ಗೃಹಸ್ಥನ ಕೈಯಲ್ಲಿ ಮಾಂಸದ ಆಕಾರವಿದ್ದರೂ ಮನಸ್ಸಿನಲ್ಲಿ ಕೊಲ್ಲದಿರುವ ಸಂಕಲ್ಪವಿದೆ. ಆತನಿಗೆ ಅದು ಏರುವ ಮೆಟ್ಟಿಲು. ಆದರೆ ಹುಟ್ಟಿನಿಂದ ಮಾಂಸದ ರುಚಿಯನ್ನರಿಯದ ಶ್ರಾವಕನು ಕುತೂಹಲದಿಂದ ಅದನ್ನು ಬಯಸಿದರೆ, ಅದೇ ಮೆಟ್ಟಿಲು ಆತನಿಗೆ ಇಳಿಯುವ ಮೆಟ್ಟಿಲಾಗಬಹುದು. ವಸ್ತು ಒಂದೇ, ನಯ ಎರಡು. ಅನೇಕಾಂತವು ನಿತ್ಯದ ಊಟದಲ್ಲಿ ನೆರವಾಗುವುದು ಹೀಗೆ. ಇವುಗಳಲ್ಲಿ ಕೆಲವಕ್ಕೆ ಮೊಟ್ಟೆಯ ಬಿಳಿಭಾಗ ಸೇರಿಸಿರುವುದುಂಟು ಎಂಬುದನ್ನೂ ಗಮನದಲ್ಲಿಡಬೇಕು.

ರಾತ್ರಿಭೋಜನ ತ್ಯಾಗದ ಕಷ್ಟ ಬೇರೆಯೇ ಬಗೆಯದು. ಬರ್ಲಿನ್ನಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯನು ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುವನು; ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಮುಳುಗನು. ಬೇಸಗೆಯಲ್ಲಿ ಸ್ನೇಹಿತರೊಡನೆ ಸಂಜೆಯ ರೊಟ್ಟಿಯೂಟಕ್ಕೆ ಕುಳಿತೂ ವ್ರತವನ್ನು ಪಾಲಿಸಬಹುದು. ಚಳಿಗಾಲದಲ್ಲಿ ತರಗತಿ ಮುಗಿಯುವ ಮೊದಲೇ ವ್ರತದ ಹೊತ್ತು ಮುಗಿದಿರುತ್ತದೆ. ಇಂಥಲ್ಲಿ ತನ್ನ ಶಕ್ತಿಯನ್ನರಿತು, ಇಷ್ಟನ್ನು ಪಾಲಿಸುವೆ, ಇಷ್ಟನ್ನು ಸದ್ಯಕ್ಕೆ ಪಾಲಿಸಲಾರೆ ಎಂದು ಪ್ರಾಮಾಣಿಕವಾಗಿ ನಿಶ್ಚಯಿಸಿಕೊಳ್ಳುವುದು ಲೇಸು. ಅಷ್ಟಮಿ ಚತುರ್ದಶಿಗಳಲ್ಲಾದರೂ ರಾತ್ರಿಯೂಟವನ್ನು ಬಿಡಬಹುದು. ಮೂಲಗುಣಗಳಲ್ಲಿ ಮಾತ್ರ ರಿಯಾಯಿತಿ ಸಲ್ಲದು. ಎಲ್ಲವನ್ನೂ ಪಾಲಿಸುತ್ತಿರುವೆನೆಂದು ಊರಿಗೆ ಸುಳ್ಳು ಹೇಳುವವನು ಅಹಿಂಸೆಯ ಜೊತೆಗೆ ಸತ್ಯವನ್ನೂ ಕಳೆದುಕೊಳ್ಳುವನು. ಆತನು ಸುಳ್ಳು ಹೇಳಲೇಬೇಕಾಗುವಷ್ಟು ಕಠೋರವಾಗಿ ನಡೆದುಕೊಳ್ಳುವ ಹಿರಿಯರಿಗೂ ಆ ದೋಷದಲ್ಲಿ ಪಾಲುಂಟು.

ವ್ರತವನ್ನು ಪಾಲಿಸುವವನಿಗೆ ಕೊನೆಯದಾಗಿ ಒದಗುವ ಅಪಾಯ ಮದ. ಎದುರಿಗೆ ಕುಳಿತವನು ಮಾಂಸವನ್ನು ಉಣ್ಣುತ್ತಿರುವಾಗ ಮೂಗು ಮುರಿದು, ಆತನನ್ನು ಮನಸ್ಸಿನಲ್ಲೇ ಕೀಳಾಗಿ ಕಂಡವನ ತಟ್ಟೆ ಶುದ್ಧವಾಗಿದ್ದರೂ ಭಾವ ಶುದ್ಧವಲ್ಲ. ಹಾಗೆಂದು, ಎಲ್ಲರ ಆಹಾರವೂ ಸರಿಯೇ, ಅದು ಅವರವರ ಇಷ್ಟವೆಂದು ಹಗುರವಾಗಿ ಹೇಳಿಬಿಡುವುದೂ ಸರಿಯಲ್ಲ. ಕೊಲ್ಲಲ್ಪಟ್ಟ ಪ್ರಾಣಿಯ ನೋವು ಯಾರ ಇಷ್ಟಾನಿಷ್ಟಗಳನ್ನೂ ಅವಲಂಬಿಸಿಲ್ಲ. ಕೇಳಿದವರಿಗೆ ಕಾರಣವನ್ನು ಹೇಳಬೇಕು. ಕೇಳದವರ ಊಟದ ನಡುವೆ ಉಪದೇಶ ಮಾಡಬಾರದು. ಉಣ್ಣುತ್ತಿರುವವನ ಕೈಯಿಂದ ತುತ್ತನ್ನು ಕಸಿದ ಮಾತು ಆತನ ಹೃದಯಕ್ಕೆ ಇಳಿಯಲಾರದು.

ಸ್ಟುಟ್‌ಗಾರ್ಟಿನ ತರುಣನ ಕಥೆ ಅಂದಿನ ಮೌನದಲ್ಲಿಯೇ ಮುಗಿಯಲಿಲ್ಲ. ಮರುವಾರ ಆತನು ಆ ತಾಯಿಗೆ ಪತ್ರ ಬರೆದು, ತಾನು ಉಣ್ಣದ ವಸ್ತುಗಳಾವುವು, ಏಕೆ ಎಂಬುದನ್ನು ಸರಳವಾಗಿ ತಿಳಿಸಿದನು. ಪ್ರತ್ಯೇಕ ಪಾತ್ರೆಯಲ್ಲಿ ಅಡುಗೆ ಮಾಡಿದ ಆಕೆಯ ಅಕ್ಕರೆಗೆ ಕೃತಜ್ಞತೆಯನ್ನೂ ಸಲ್ಲಿಸಿದನು. ತಿಂಗಳೆರಡು ಕಳೆದ ಮೇಲೆ ಮತ್ತೆ ಕರೆ ಬಂತು. ಈ ಸಲ ಸಿಪ್ಪೆಯೊಡನೆ ಬೇಯಿಸಿದ ಆಲೂಗಡ್ಡೆ, ಗಟ್ಟಿ ಮೊಸರಿನಂಥ ಕ್ವಾರ್ಕ್, ತೋಟದ ಸೊಪ್ಪು ಮೇಜಿನ ಮೇಲಿದ್ದವು. ರೊಟ್ಟಿ ಕೊಯ್ಯಲು ಮಾಂಸಕ್ಕೆ ತಾಗಿಸದ ಬೇರೊಂದು ಚಾಕುವನ್ನು ಆಕೆ ಆತನ ತಟ್ಟೆಯ ಬಳಿ ಇಟ್ಟಿದ್ದಳು. ಆತನು ಮೊದಲ ದಿನ ಸುಮ್ಮನೆ ಉಂಡು ಎದ್ದಿದ್ದರೆ ಆ ಚಾಕು ಅಲ್ಲಿಗೆ ಬರುತ್ತಿರಲಿಲ್ಲ. ಕೋಪಿಸಿಕೊಂಡು ಎದ್ದಿದ್ದರೂ ಬರುತ್ತಿರಲಿಲ್ಲ.

ಮಕ್ಕಳನ್ನು ಪರದೇಶಕ್ಕೆ ಕಳುಹಿಸುವಾಗ ತಂದೆತಾಯಿಗಳು ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ತುಂಬಿಸುವರು. ಅವು ಆರು ತಿಂಗಳಿಗೆ ಮುಗಿಯುತ್ತವೆ. ಏನನ್ನು ಉಣ್ಣಬಾರದು ಎಂಬ ಪಟ್ಟಿಯೂ ಹಾಗೆಯೇ. ಹೊಸ ಮೇಜಿನ ಮೇಲೆ ಹೊಸ ವಸ್ತು ಬಂದಾಗ ಅದು ಸಾಲದು. ಏಕೆ ಉಣ್ಣಬಾರದು ಎಂಬ ತಿಳಿವು ಮಾತ್ರ ಎಲ್ಲ ಕಡೆಯೂ ನೆರವಿಗೆ ಬರುತ್ತದೆ. ಬಸದಿಯ ಆಡಳಿತ ಮಂಡಳಿಗಳು ಬೇಸಗೆ ರಜೆಯ ಧಾರ್ಮಿಕ ಶಿಬಿರಗಳಲ್ಲಿ ಸ್ತೋತ್ರಪಾಠದ ಜೊತೆಗೆ ಈ ಪ್ರಶ್ನೆಗಳನ್ನೂ ಮಕ್ಕಳ ಮುಂದಿಟ್ಟು ಅವರಿಂದಲೇ ಉತ್ತರ ಹೇಳಿಸಿದರೆ, ಊರು ಬಿಟ್ಟ ಮೇಲೂ ವ್ರತವು ಅವರ ಸ್ವಂತದ್ದಾಗಿ ಉಳಿದೀತು.