ಸಾರ್ವಭೌಮವೂ ವಿಶೇಷವೂ

ಎಲ್ಲರಿಗೂ ಎಲ್ಲೆಡೆಯೂ ಸಲ್ಲುವ ನಿಯಮವು ವಿಶೇಷ ಸಂದರ್ಭಕ್ಕೆ ಮಣಿಯಬೇಕೋ, ವಿಶೇಷ ಸಂದರ್ಭವೇ ಅದಕ್ಕೆ ಮಣಿಯಬೇಕೋ ಎಂಬ ಪ್ರಶ್ನೆಯನ್ನು ನಮ್ಮ ವೈಯಾಕರಣರೂ ಮೀಮಾಂಸಕರೂ ಯೋಗಾಚಾರ್ಯರೂ ಶತಮಾನಗಳ ಕಾಲ ಮಥಿಸಿದ್ದಾರೆ. ಕಚೇರಿಯೊಂದರ ಹತ್ತಾರು ಕಂಪ್ಯೂಟರುಗಳಿಗೆ ಫೈಲುಗಳನ್ನು ಹಂಚಿಕೊಡುವ ಸರ್ವರಿನ ಮುಂದೆ ಕುಳಿತು ಅದರ ಸಾಮಾನ್ಯ ನಿಯಮಗಳನ್ನು ಬರೆಯುವವನಿಗೂ ಎದುರಾಗುವುದು ಇದೇ ಪ್ರಶ್ನೆ. ಅವನು ಅದನ್ನು ಪ್ರಶ್ನೆಯೆಂದು ಗುರುತಿಸದೆ ಮುಂದೆ ಸಾಗಿದರೂ ಅವನು ಬರೆದ ಪ್ರತಿಯೊಂದು ಸಾಲೂ ಅದಕ್ಕೆ ಒಂದು ಉತ್ತರವೇ ಆಗಿರುತ್ತದೆ.

ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ಲರು 1992ರಲ್ಲಿ ಮೊದಲು ಹೊರತಂದ, ಈಗ ಸಾಂಬಾ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ, ಇಂಥ ಸರ್ವರನ್ನು ನಡೆಸುವ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ನಡವಳಿಕೆಯನ್ನು ಮುಖ್ಯವಾಗಿ ನಿರ್ಣಯಿಸುವುದು ಒಂದು ಪಠ್ಯಕಡತ. ಆ ಕಡತದ ಆದಿಯಲ್ಲಿ ಸಾಮಾನ್ಯವಾಗಿ ಗ್ಲೋಬಲ್ ಎಂಬ ವಿಭಾಗವಿದ್ದು, ಅದರ ಕೆಳಗೆ ಹಂಚಬೇಕಾದ ಒಂದೊಂದು ಫೋಲ್ಡರಿಗೂ, ಅಂದರೆ ಒಂದೊಂದು ಶೇರಿಗೂ, ಪ್ರತ್ಯೇಕವಾದ ವಿಭಾಗವಿರುತ್ತದೆ. ಶೇರಿಗೆ ಸಂಬಂಧಿಸಿದ ನಿಯಮವನ್ನು ಗ್ಲೋಬಲ್‌ನಲ್ಲಿ ಬರೆದರೆ ಅದು ಎಲ್ಲ ಶೇರುಗಳಿಗೂ ಅನ್ವಯಿಸುತ್ತದೆ. ಆದರೆ ಯಾವ ಶೇರು ಆ ವಿಷಯದಲ್ಲಿ ತನ್ನದೇ ಮಾತನ್ನು ಹೇಳುತ್ತದೆಯೋ ಅಲ್ಲಿ ಗ್ಲೋಬಲ್ ಹಿಂಜರಿಯುತ್ತದೆ. ವಿಶೇಷವು ಮೌನವಾಗಿರುವೆಡೆಯಲ್ಲಿ ಮಾತ್ರ ಸಾಮಾನ್ಯವು ಮಾತನಾಡುವುದು.

ಇದು ಪಾಣಿನಿಯ ಶಾಸ್ತ್ರವನ್ನು ಬಲ್ಲವರಿಗೆ ಚಿರಪರಿಚಿತವಾದ ಉತ್ಸರ್ಗ-ಅಪವಾದ ನ್ಯಾಯ. ಸಂತಾನವೆಂಬ ಅರ್ಥದಲ್ಲಿ ಹೆಸರಿಗೆ ಅಣ್ ಎಂಬ ಪ್ರತ್ಯಯ ಬರುವುದೆಂಬುದು ಸಾಮಾನ್ಯ ವಿಧಿ. ಅದರಿಂದ ಉಪಗುವಿನ ಮಗ ಔಪಗವನಾಗುತ್ತಾನೆ. ಹ್ರಸ್ವ ಅಕಾರಾಂತವಾದ ಹೆಸರಿಗೆ ಇಞ್ ಬರುವುದೆಂಬ ವಿಶೇಷ ವಿಧಿ ಬಂದೊಡನೆಯೇ ಸಾಮಾನ್ಯವು ತೆರವು ಮಾಡಿಕೊಡಲಾಗಿ ದಶರಥನ ಮಗ ದಾಶರಥಿಯೆನಿಸುತ್ತಾನೆ. ಇಲ್ಲಿ ಉತ್ಸರ್ಗವು ಸೋತಿತೆಂದು ಯಾರೂ ಹೇಳರು. ಅಪವಾದಕ್ಕೆ ಎಡೆಗೊಡುವುದು ಅದರ ಸ್ವಭಾವದಲ್ಲಿಯೇ ಇದೆ, ಮತ್ತು ಸುಮಾರು 4000 ಸೂತ್ರಗಳಲ್ಲಿ ಅಷ್ಟು ದೊಡ್ಡ ಭಾಷೆಯೊಂದನ್ನು ಹಿಡಿದಿಡಲು ಸಾಧ್ಯವಾದುದಕ್ಕೆ ಈ ಔದಾರ್ಯವೂ ಒಂದು ಕಾರಣ.

ಆದರೆ ಗ್ಲೋಬಲ್ ವಿಭಾಗದ ಎಲ್ಲ ನಿಯಮಗಳೂ ಹೀಗೆ ಮಣಿಯುವಂಥವಲ್ಲ. ಯಾವ ಯಂತ್ರಗಳಿಗೆ ಪ್ರವೇಶವುಂಟು, ಯಾವುವಕ್ಕಿಲ್ಲ ಎಂದು ಹೇಳುವ ‘ಹೋಸ್ಟ್ಸ್ ಅಲೋ’, ‘ಹೋಸ್ಟ್ಸ್ ಡಿನೈ’ ಎಂಬ ನಿಯಮಗಳನ್ನು ಅಲ್ಲಿ ಬರೆದರೆ, ಶೇರು ತನ್ನ ವಿಭಾಗದಲ್ಲಿ ಏನನ್ನೇ ಹೇಳಿಕೊಂಡರೂ ಅವು ಎಲ್ಲಕ್ಕೂ ಅನ್ವಯಿಸುತ್ತವೆ. ಸಂಭಾಷಣೆಗೆ ಪ್ರೋಟೋಕಾಲಿನ ಯಾವ ಆವೃತ್ತಿಯಿಂದ ಕೆಳಗಿನದನ್ನು ಒಪ್ಪಲಾಗದು ಎಂಬ ನಿಯಮವನ್ನಂತೂ ಶೇರಿನಲ್ಲಿ ಬರೆಯುವುದಕ್ಕೇ ಅವಕಾಶವಿಲ್ಲ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಪಿಡುಗು ವಿಂಡೋಸ್ ಯಂತ್ರಗಳ ಆ ಪ್ರೋಟೋಕಾಲಿನ ಹಳೆಯ ಆವೃತ್ತಿಯಾದ ಎಸ್‌ಎಂಬಿ1ರ ದೋಷವೊಂದನ್ನು ಬಳಸಿಕೊಂಡು ಜಗತ್ತಿನಾದ್ಯಂತ ಹರಡಿತು. 2019ರಲ್ಲಿ ಬಂದ ಸಾಂಬಾ 4.11ರಲ್ಲಿ ಆ ಹಳೆಯ ಆವೃತ್ತಿಯು, ಯಾರೂ ಏನನ್ನೂ ಬರೆಯದಿದ್ದರೆ, ನಿಷಿದ್ಧವೆಂದೇ ಆಯಿತು.

ಈ ಕೆಲವು ನಿಯಮಗಳಿಗೆ ಏಕೆ ಈ ಬಗೆಯ ಅಚಲತ್ವ? ಅವುಗಳ ವಿಷಯವು ಮಹತ್ತರವೆಂಬುದರಿಂದ ಎನ್ನಲಾಗದು. ಮಹತ್ತರವಾದ ಎಷ್ಟೋ ಸಂಗತಿಗಳು ಶೇರಿನ ಅಧೀನದಲ್ಲಿಯೇ ಇವೆ. ನಿಜವಾದ ಕಾರಣ ಕಾಲಕ್ರಮದಲ್ಲಿದೆ. ಹೊರಗಿನ ಯಂತ್ರವು ಸರ್ವರನ್ನು ಬಂದು ಮುಟ್ಟಿದಾಗ ಅದು ಯಾವ ಶೇರನ್ನು ಕೇಳಲಿದೆ ಎಂಬುದು ಇನ್ನೂ ತಿಳಿದಿರುವುದಿಲ್ಲ. ಅದನ್ನು ಒಳಬಿಡಬೇಕೆ, ಅದರೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುವು ಮೊದಲೇ ಇತ್ಯರ್ಥವಾಗಬೇಕು. ವಿಶೇಷವು ಹುಟ್ಟುವುದೇ ಅನಂತರ. ಪತಂಜಲಿಯು ಯೋಗಸೂತ್ರದ 2.31ರಲ್ಲಿ ಅಹಿಂಸೆ, ಸತ್ಯ ಮೊದಲಾದ ಯಮಗಳು ಜಾತಿ, ದೇಶ, ಕಾಲ, ಸಂದರ್ಭಗಳ ಕಟ್ಟಿಗೆ ಒಳಗಾಗದಿದ್ದಾಗ ಸಾರ್ವಭೌಮವಾದ ಮಹಾವ್ರತವೆನಿಸುತ್ತವೆ ಎಂದಿರುವುದನ್ನು ನಾನು ಈ ಬೆಳಕಿನಲ್ಲಿಯೇ ಅರ್ಥಮಾಡಿಕೊಳ್ಳುತ್ತೇನೆ. ಎದುರಿಗೆ ನಿಂತವನು ಮಿತ್ರನೋ ಶತ್ರುವೋ ಎಂಬುದನ್ನು ನೋಡಿಕೊಂಡು ಅಹಿಂಸೆಯನ್ನು ನಿರ್ಣಯಿಸಹೊರಟರೆ ಅದು ವ್ರತವಾಗಿ ಉಳಿಯದೆ ಲೆಕ್ಕಾಚಾರವಾಗುತ್ತದೆ. ಅವನ ಮುಖ ಕಾಣುವುದಕ್ಕೆ ಮುಂಚೆಯೇ ಯಾವುದು ನಿಶ್ಚಿತವಾಗಿರಬೇಕೋ ಅದಷ್ಟೇ ಸಾರ್ವಭೌಮವೆನಿಸಲು ಯೋಗ್ಯ. ಉಳಿದ ನಿಯಮಗಳಿಗೆಲ್ಲ ಮಣಿಯುವುದೇ ಭೂಷಣ. ಅವನ್ನೂ ಸಾರ್ವಭೌಮವೆಂದು ಹಿಗ್ಗಿಸಿದ ಧರ್ಮವು ಕ್ರೂರವಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷ್ಯಕ್ಕೆ ಕೊರತೆಯಿಲ್ಲ.

ಮಣಿಯುವ ನಿಯಮಗಳ ವಿಷಯದಲ್ಲಿಯೂ ಒಂದು ಅಪಾಯವುಂಟು, ಅದು ಬಹಳ ಸಾಮಾನ್ಯವಾದುದು. ಸಾಂಬಾದಲ್ಲಿ ಯಾರೂ ಏನನ್ನೂ ಹೇಳದಿದ್ದರೆ ಶೇರು ಓದುವುದಕ್ಕೆ ಮಾತ್ರ ಲಭ್ಯ, ಬರೆಯುವುದಕ್ಕಲ್ಲ. ಪಾಸ್‌ವರ್ಡಿಲ್ಲದ ಅತಿಥಿಗೆ ಪ್ರವೇಶವಿಲ್ಲ. ಯಾವುದೋ ಒಂದು ಫೋಲ್ಡರನ್ನು ಅತಿಥಿಗಳಿಗೆ ತೆರೆಯಬೇಕಾಗಿ ಬಂದಾಗ, ಆ ಫೋಲ್ಡರಿನ ವಿಭಾಗದಲ್ಲಿ ‘ಗೆಸ್ಟ್ ಓಕೆ’ ಎಂದು ಬರೆಯುವ ಬದಲು ಅವಸರದಲ್ಲಿರುವವನು ಅದನ್ನು ಗ್ಲೋಬಲ್‌ನಲ್ಲಿಯೇ ಬರೆದುಬಿಡುವುದುಂಟು. ಅಂದಿನ ಕೆಲಸವೇನೋ ಆಗುತ್ತದೆ. ಆದರೆ ಈ ವಿಷಯದಲ್ಲಿ ಮೌನವಾಗಿದ್ದ ಪ್ರತಿಯೊಂದು ಶೇರಿಗೂ ಆ ಸಡಿಲಿಕೆ ಅಂಟಿಕೊಳ್ಳುತ್ತದೆ. ಮುಂದಿನ ವರ್ಷ ಬೇರೊಬ್ಬನು ಸಂಬಳದ ಪಟ್ಟಿಗೆಂದು ತೆರೆಯುವ ಶೇರಿಗೂ, ಅವನು ಅದನ್ನು ಬೇಡವೆಂದು ಸ್ಪಷ್ಟವಾಗಿ ಬರೆಯದಿದ್ದರೆ, ಅದು ತಪ್ಪುವುದಿಲ್ಲ. ಆಪದ್ಧರ್ಮವು ನಿತ್ಯಧರ್ಮದ ಸ್ಥಾನವನ್ನೇರುವ ಬಗೆಯೇ ಇದು.

ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ವೃತ್ತಾಂತವನ್ನು ಇಲ್ಲಿ ನೆನೆಯದಿರಲಾರೆ. ಕುರುದೇಶದ ಬೆಳೆ ನಾಶವಾಗಿ ಹಸಿದು ಅಲೆಯುತ್ತಿದ್ದ ಅವನು, ಮಾವುತನೊಬ್ಬನು ತಿನ್ನುತ್ತಿದ್ದ ಎಂಜಲು ಕಾಳನ್ನು ಬೇಡಿ ತಿಂದನು. ಮಾವುತನು ಕೊಡಬಂದ ಎಂಜಲು ನೀರನ್ನು ಮಾತ್ರ ನಿರಾಕರಿಸಿದನು. ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬಯಸಿದೆಡೆ ದೊರೆಯುತ್ತದೆ ಎಂಬುದು ಅವನ ಸಮಾಧಾನ. ಪ್ರಾಣಾಪಾಯದಲ್ಲಿ ಮಾತ್ರ ಎಲ್ಲ ಅನ್ನಕ್ಕೂ ಅನುಮತಿಯೆಂಬ ಬ್ರಹ್ಮಸೂತ್ರದ ನಿರ್ಣಯಕ್ಕೆ ಭಾಷ್ಯಕಾರರು ಆಧಾರವಾಗಿ ತೋರುವುದು ಈ ಪ್ರಸಂಗವನ್ನೇ. ಅಪವಾದವನ್ನು ಅಗತ್ಯದ ಅಂಚಿನಲ್ಲಿಯೇ ನಿಲ್ಲಿಸಿ, ಮರುಗುಟುಕಿನಲ್ಲಿಯೇ ಸಾಮಾನ್ಯ ನಿಯಮಕ್ಕೆ ಹಿಂದಿರುಗಿದ ಆ ಹಸಿದ ಮನುಷ್ಯನ ವಿವೇಕಕ್ಕೆ ಸಮನಾದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇನ್ನೊಂದು ತೊಡಕು ಉಳಿಯಿತು. ಶೇರಿನಲ್ಲಿ ಬರೆಯಲು ಅನುಮತಿಯಿದ್ದರೂ ಸರ್ವರಿನ ಡಿಸ್ಕಿನಲ್ಲಿ ಆ ಫೋಲ್ಡರಿಗೆ ಇರುವ ಯುನಿಕ್ಸ್ ಅನುಮತಿಯು ಒಪ್ಪದಿದ್ದರೆ ಫೈಲು ಅಲ್ಲಿ ಇಳಿಯುವುದಿಲ್ಲ. ಮೇಲಿನ ಪದರದ ವಿಶೇಷ ನಿಯಮವು ಮೇಲಿನ ಪದರದ ಸಾಮಾನ್ಯವನ್ನು ಬಾಧಿಸೀತೇ ಹೊರತು ಕೆಳಗಿನ ಪದರವನ್ನಲ್ಲ. ಯಜ್ಞದ ಪಶುವಿನ ವಿಷಯದಲ್ಲಿ ಸಾಂಖ್ಯರು ಮೀಮಾಂಸಕರೊಡನೆ ಹೂಡಿದ ವಾದವೂ ಇದೇ ರೂಪದ್ದು. ಹಿಂಸಿಸಬಾರದೆಂಬ ಸಾಮಾನ್ಯ ನಿಷೇಧವನ್ನು ಯಜ್ಞದ ವಿಶೇಷ ವಿಧಿ ಬಾಧಿಸುವುದರಿಂದ ಅಲ್ಲಿ ದೋಷವಿಲ್ಲವೆಂದು ಮೀಮಾಂಸಕರು ಹೇಳಿದರೆ, ಸಾಂಖ್ಯಕಾರಿಕೆಯನ್ನು ವ್ಯಾಖ್ಯಾನಿಸುತ್ತ ವಾಚಸ್ಪತಿಮಿಶ್ರನು ಆ ಎರಡಕ್ಕೂ ವಿರೋಧವೇ ಇಲ್ಲವೆನ್ನುತ್ತಾನೆ: ಪಶುವಧೆ ಯಜ್ಞಕ್ಕೆ ಉಪಕಾರಕವೆಂಬುದೂ ನಿಜ, ಅದು ಕೊಂದವನಿಗೆ ಅನರ್ಥಕಾರಿಯೆಂಬುದೂ ನಿಜ, ಒಂದು ಮತ್ತೊಂದನ್ನು ಅಳಿಸದು. ಶಾಸ್ತ್ರದ ಅನುಮತಿ ದೊರೆತ ಮಾತ್ರಕ್ಕೆ ಪ್ರಾಣಿಯ ನೋವು ಇಲ್ಲವಾಗದೆಂಬುದನ್ನು ಮರೆಮಾಚದ ಈ ಸಾಂಖ್ಯಪಕ್ಷವೇ ನನಗೆ ಹೆಚ್ಚು ಸತ್ಯನಿಷ್ಠವೆಂದು ತೋರುತ್ತದೆ. ನಮ್ಮ ನಾಡಿನಲ್ಲಿ ಮಾಧ್ವ ಸಂಪ್ರದಾಯದವರು ಹಿಟ್ಟಿನಿಂದ ಪಶುವನ್ನು ಮಾಡಿ ಯಜ್ಞವನ್ನು ನಡೆಸುವ ಪಿಷ್ಟಪಶು ಪದ್ಧತಿಯನ್ನು ಎತ್ತಿಹಿಡಿದಾಗ, ವಿಧಿಯನ್ನು ತೊರೆಯದೆಯೂ ಕೆಳಗಿನ ಪದರದ ನಿಷೇಧವನ್ನು ಮೀರದೆಯೂ ನಡೆಯುವ ದಾರಿಯೊಂದು ತೆರೆಯಿತು. ಅದಕ್ಕಾಗಿ ಅವರು ಇತರ ಪಂಡಿತರ ತೀವ್ರ ಆಕ್ಷೇಪವನ್ನೂ ಎದುರಿಸಬೇಕಾಯಿತು.