ಹೆಸರು ಹಿಡಿದು ಕರೆಯುವ ಗುರು

ಶಿಷ್ಯರ ಹೆಸರುಗಳನ್ನು ನೆನಪಿನಲ್ಲಿಡುವುದು ಗುರುವಿನ ಹೆಚ್ಚುಗಾರಿಕೆಯೋ, ಕರ್ತವ್ಯವೋ? ಮೇಲುನೋಟಕ್ಕೆ ಇದು ಅಲ್ಪ ಪ್ರಶ್ನೆ. ಕೆಲವರಿಗೆ ಜ್ಞಾಪಕಶಕ್ತಿ ಹೆಚ್ಚು, ಕೆಲವರಿಗೆ ಕಡಿಮೆ. ಪಾಠ ಚೆನ್ನಾಗಿ ಹೇಳಿದರೆ ಸಾಲದೆ ಎಂದು ಮುಗಿಸಿಬಿಡಬಹುದು. ಆದರೆ ತುಸು ಆಲೋಚಿಸಿದರೆ, ಇದು ಜ್ಞಾಪಕಶಕ್ತಿಗಿಂತ ನ್ಯಾಯಕ್ಕೆ ಹತ್ತಿರವಾದ ವಿಷಯವೆಂದು ತೋರುತ್ತದೆ.

ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕಥೆ ಎಲ್ಲರಿಗೂ ತಿಳಿದದ್ದೇ. ವಿದ್ಯೆ ಬೇಡಿ ಬಂದ ಹುಡುಗನನ್ನು ಹಾರಿದ್ರುಮತ ಗೌತಮರು ಗೋತ್ರ ಯಾವುದೆಂದು ಕೇಳಿದರು. ಅವನಿಗೆ ಅದು ತಿಳಿಯದು. ತಾಯಿ ಹೇಳಿಕೊಟ್ಟಂತೆ, ತನ್ನ ಹೆಸರು ಸತ್ಯಕಾಮ, ತಾಯಿಯ ಹೆಸರು ಜಬಾಲಾ, ಆದ್ದರಿಂದ ತಾನು ಸತ್ಯಕಾಮ ಜಾಬಾಲ ಎಂದ. ಗುರು ಅಷ್ಟನ್ನೇ ಒಪ್ಪಿಕೊಂಡರು. ಮನೆತನ ತಿಳಿಯದಿದ್ದರೂ ಪಾಠ ನಡೆಯಿತು. ಆದರೆ ಹುಡುಗ ಯಾರೆಂದು ತಿಳಿಯದೆ ಪಾಠ ಆರಂಭವಾಗಲಿಲ್ಲ.

ಹೆಸರು ಮರೆಯುವುದು ಮನುಷ್ಯಸಹಜ ಎಂಬುದೂ ನಿಜ. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಪರಿಚಿತ ಮುಖಗಳನ್ನು ತೋರಿಸಿ, ಪ್ರತಿಯೊಬ್ಬರ ಹೆಸರನ್ನೂ ಕಸುಬನ್ನೂ ಕಲಿಯಲು ಹೇಳಿದರು. ಜನರಿಗೆ ಕಸುಬು ನೆನಪಿಗೆ ಬಂದಷ್ಟು ಸುಲಭವಾಗಿ ಹೆಸರು ಬರಲಿಲ್ಲ. ಒಂದೇ ಶಬ್ದವನ್ನು ಕಸುಬೆಂದು ಹೇಳಿದಾಗ ನೆನಪಾಯಿತು. ಹೆಸರೆಂದು ಹೇಳಿದಾಗ ಮರೆತುಹೋಯಿತು! ನಮ್ಮಲ್ಲಿಯೂ ಹಾಗೆಯೇ. 'ಊರಿನ ಲೆಕ್ಕ ಬರೆಯುವ ಕುಲಕರ್ಣಿ' ಎಂದರೆ ದಪ್ತರ, ಚಾವಡಿ, ಕಂದಾಯ ಎಲ್ಲವೂ ಕಣ್ಣಮುಂದೆ ಬರುತ್ತವೆ. ಬರಿಯ 'ಕುಲಕರ್ಣಿ' ಎಂಬ ಅಡ್ಡಹೆಸರು ಯಾವುದಕ್ಕೂ ಅಂಟಿಕೊಳ್ಳದೆ ಜಾರಿಹೋಗುತ್ತದೆ. ಇದರಿಂದ ತಿಳಿಯುವುದೇನು? ಮಗುವಿನ ವಿಷಯ ನಾಲ್ಕು ಮಾತು ಬಲ್ಲವರಿಗೆ ಅದರ ಹೆಸರು ನೆನಪಿನಲ್ಲಿ ನಿಲ್ಲುತ್ತದೆ.

ಇಲ್ಲಿಯೇ ನೀತಿಯ ಪ್ರಶ್ನೆ ಹುಟ್ಟುವುದು. ತರಗತಿಯಲ್ಲಿ ಮೊದಲನೆಯವನಾಗಿ ಬರುವ ಜಾಣನ ಹೆಸರು, ಕಿಟಕಿ ಹಾರುವ ತುಂಟನ ಹೆಸರು ಯಾರಿಗಾದರೂ ನೆನಪಿರುತ್ತದೆ. ಅದಕ್ಕೆ ಪ್ರಯತ್ನ ಬೇಡ. ಪ್ರಯತ್ನ ಬೇಕಾಗುವುದು ನಡುಬೆಂಚಿನಲ್ಲಿ ಕುಳಿತು, ಐವತ್ತರ ಆಸುಪಾಸಿನಲ್ಲಿ ಅಂಕ ಪಡೆದು, ಬಹುಮಾನವನ್ನೂ ಬೈಗುಳವನ್ನೂ ಕಾಣದೆ ವರ್ಷ ಕಳೆಯುವ ಮಗುವಿಗಾಗಿ. ನೆನಪು ತಾನಾಗಿ ಒಲಿಯದ ಕಡೆಯಲ್ಲಿಯೇ ಕರ್ತವ್ಯ ಆರಂಭವಾಗುತ್ತದೆ. ಆ ಮಗುವನ್ನು 'ಏಯ್, ನೀನು' ಎಂದೋ 'ಇಪ್ಪತ್ತೇಳನೇ ನಂಬರು' ಎಂದೋ ಕರೆದರೆ, ತಾನು ಇದ್ದರೂ ಇಲ್ಲದಿದ್ದರೂ ಒಂದೇ ಎಂಬ ಪಾಠವನ್ನು ಅದು ಪುಸ್ತಕವಿಲ್ಲದೆಯೇ ಕಲಿಯುತ್ತದೆ. ನಮ್ಮಂಥ ಗುಮಾಸ್ತರಿಗೆ ಕಡತದ ಸಂಖ್ಯೆ ಸಾಕು. ಹೆಸರು ಹಿಡಿದು ಕರೆದರೆ ಕಡತದ ಮುಖ ಅರಳುವುದಿಲ್ಲ. ಮಗುವಿನ ಮುಖ ಅರಳುತ್ತದೆ.

ಉಪಾಧ್ಯಾಯರ ಕಷ್ಟವನ್ನೂ ಮರೆಯಬಾರದು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು ಎಂದು ಲೆಕ್ಕ ಹಾಕಿದೆ. ಆದರೆ ಪ್ರೌಢಶಾಲೆಯಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಐದು ತರಗತಿಗಳಿಗೆ ಹೇಳುವವರಿಗೆ, ತರಗತಿಗೆ 40ರಂತೆ ಹಿಡಿದರೂ, ಇನ್ನೂರು ಮುಖಗಳು. ಮೂವತ್ತು ವರ್ಷದ ಸೇವೆಯಲ್ಲಿ ಆರು ಸಾವಿರ! ಇಷ್ಟನ್ನೂ ಜೀವಮಾನವಿಡೀ ನೆನಪಿಡಬೇಕೆನ್ನುವುದು ಅನ್ಯಾಯ. ಕರ್ತವ್ಯ ಇರುವುದು ಆ ಒಂದು ವರ್ಷಕ್ಕೆ. ಅದಕ್ಕೆ ಅದ್ಭುತ ಶಕ್ತಿಯೇನೂ ಬೇಡ. ಹಾಜರಿ ಕೂಗುವಾಗ ತಲೆಯೆತ್ತಿ ಮುಖ ನೋಡುವುದು, ತಿದ್ದಿದ ನೋಟುಪುಸ್ತಕಗಳನ್ನು ತಾವೇ ಒಬ್ಬೊಬ್ಬರ ಕೈಗೆ ಕೊಡುವುದು, ಹಾಜರಿ ಪುಸ್ತಕ ಮುಚ್ಚಿಟ್ಟು ಬೆಂಚಿನ ಸಾಲಿನಂತೆ ಹೆಸರುಗಳನ್ನು ಮನಸ್ಸಿನಲ್ಲೇ ಹೇಳಿನೋಡುವುದು, ಇಷ್ಟು ಸಾಕು.

ಹೈದರಾಬಾದಿನಲ್ಲಿರುವ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ತೆಲುಗರಲ್ಲಿ ಮನೆಯ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ರಾಯಚೂರು, ಕಲಬುರಗಿ, ಧಾರವಾಡಗಳ ಕಡೆಯವರಲ್ಲಿ ಸ್ವಂತ ಹೆಸರು ಮೊದಲು, ತಂದೆಯದು ನಡುವೆ, ಅಡ್ಡಹೆಸರು ಕೊನೆಗೆ. ಹಳೆ ಮೈಸೂರಿನವರಿಗೋ ಅಡ್ಡಹೆಸರೇ ಇಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೆ. ಹೀಗಾಗಿ ಇಲ್ಲಿಯ ಶಾಲೆಯ ಪಟ್ಟಿಯಲ್ಲಿ 'ವೆಂಕಟೇಶ ರಾಮರಾವ ಕುಲಕರ್ಣಿ'ಯ ಮಗುತನದ ಹೆಸರು ಮನೆತನವಾಗಿ, ಮನೆತನವೇ ಹೆಸರಾಗಿಬಿಡಬಹುದು. ಆಗ ಅಣ್ಣನೂ ಕುಲಕರ್ಣಿ, ಕೆಳಗಿನ ತರಗತಿಯ ತಂಗಿಯೂ ಕುಲಕರ್ಣಿ! ಇದರಲ್ಲಿ ಉಪಾಧ್ಯಾಯರ ತಪ್ಪಿಲ್ಲ. ಶಾಲೆಗೆ ಸೇರಿಸುವ ದಿನವೇ, ಮನೆಯಲ್ಲಿ ಏನೆಂದು ಕರೆಯುತ್ತೇವೆ ಎಂಬುದನ್ನು ನಾವು ಹೋಗಿ ತಿಳಿಸಬೇಕು. ಮಗುವೂ ಅಂಜದೆ, ಮರ್ಯಾದೆಯಿಂದ, ತನ್ನ ಹೆಸರನ್ನು ತಿದ್ದಿ ಹೇಳುವಂತಾಗಬೇಕು.

ಶಿಷ್ಯರ ಪಾಲಿನ ಕರ್ತವ್ಯವೂ ಒಂದಿದೆ. ಹಿರಿಯರಿಗೆ ನಮಸ್ಕರಿಸುವಾಗ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ನಮ್ಮ ಹಳೆಯ ಅಭಿವಾದನದ ಕ್ರಮ. ಅದರ ಅರ್ಥ ಇಂದಿಗೂ ಸವೆದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ವಯಸ್ಸಾದ ಮೇಷ್ಟರು ಎದುರಾದರೆ, "ನನ್ನ ಗುರುತು ಸಿಕ್ಕಿತೇ ಸಾರ್?" ಎಂದು ಅವರನ್ನು ಪರೀಕ್ಷೆಗೆ ಕೂರಿಸುವುದು ಸಲ್ಲದು. ನಮ್ಮ ಹೆಸರು, ಓದಿದ ವರ್ಷ, ಕುಳಿತ ಬೆಂಚು ಇವನ್ನು ನಾವೇ ಮೊದಲು ಹೇಳೋಣ. ಒಂದು ಕಾಲಕ್ಕೆ ನಮ್ಮ ಹೆಸರನ್ನು ಅವರು ಕಷ್ಟಪಟ್ಟು ಕಲಿತಿದ್ದರು. ಈಗ ಅದನ್ನು ನೆನಪಿಸುವ ಕೆಲಸ ನಮ್ಮದು.