ನಮ್ಮದು ಅಂತ ಎಷ್ಟು ಕೊಡಬಹುದು?

ಪರಸ್ಥಳದಲ್ಲಿ ಬದುಕುವವರಿಗೆ ‘ನಮ್ಮದು’ ಅನ್ನುವ ಮಾತು ಸ್ವಲ್ಪ ಸಲೀಸಾಗಿಯೇ ಬಾಯಿಗೆ ಬರುತ್ತದೆ. ತಿರುವನಂತಪುರದ ಪಟ್ಟಂನಲ್ಲಿ ಹದಿನಾಲ್ಕು ವರ್ಷ ಕಳೆದಿರುವ ನನಗೂ ಅಷ್ಟೆ. ನಮ್ಮ ಚಿಕ್ಕಮಗಳೂರು ಕಾಫಿ, ನಮ್ಮ ಬ್ಯಾಡಗಿ ಮೆಣಸಿನಕಾಯಿ. ನಾಲ್ಕು ಕಾಸು ಹೆಚ್ಚು ಕೊಟ್ಟು ತಂದರೂ ಯಾಕೆ ಅಂತ ಯಾರೂ ಕೇಳುವುದಿಲ್ಲ. ನಂದಿ ಬೆಟ್ಟದ ಬುಡದ ವೈನ್ ತಂದರೆ ಮಾತ್ರ ಕೇಳುತ್ತಾರೆ. ಊರಿನಿಂದ ಬಂದ ನೆಂಟರೊಬ್ಬರು ಮೊದಲು ಹುಬ್ಬು ಹಾರಿಸಿದರು. ಆಮೇಲೆ, ‘ಅಲ್ಲಾ, ಕುಡಿಯೋದೇ ಆದ್ರೆ ಫಾರಿನ್ದೇ ಕುಡೀರಿ. ಸುಂಕ ಇಳೀತಿದೆಯಂತಲ್ಲ!’ ಅಂದರು.

ಸುಂಕ ಇಳಿಯುತ್ತಿರುವುದು ನಿಜ. ಅಮೆರಿಕ, ಯುರೋಪುಗಳು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ತಕರಾರು ಎತ್ತಿದ ಮೇಲೆ ಕೇಂದ್ರ ಸರ್ಕಾರ 2007ರಲ್ಲಿ ಹೆಚ್ಚುವರಿ ಸುಂಕವನ್ನು ಕೈಬಿಟ್ಟಿತು. ಹಾಗೆ ಬಿಟ್ಟ ಕೈಯಲ್ಲೇ ವೈನಿನ ಮೂಲ ಆಮದು ಸುಂಕವನ್ನು ಶೇ. 100ರಿಂದ 150ಕ್ಕೆ ಏರಿಸಿತು. ಕರ್ನಾಟಕದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ ವರ್ಷ. ಆ ಗೋಡೆಯ ನೆರಳಿನಲ್ಲಿ ನಮ್ಮ ವೈನ್ ಬೆಳೆಯಿತು ಅನ್ನಬಹುದು. 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ ಜಾರಿಗೆ ಬಂದಾಗ ಗೋಡೆ ಕುಗ್ಗತೊಡಗಿತು. ಬಾಟಲಿಗೆ ಐದು ಡಾಲರು ಮೀರಿದ ವೈನಿಗೆ ಸುಂಕ 100ಕ್ಕೆ ಇಳಿಯಿತು, ಹದಿನೈದು ಡಾಲರು ಮೀರಿದ್ದಕ್ಕೆ 75ಕ್ಕೆ. ಹತ್ತು ವರ್ಷದಲ್ಲಿ ಅದು ಇನ್ನೂ ಇಳಿದು 50 ಮತ್ತು 25 ಆಗಬೇಕು. ಐದು ಡಾಲರಿಗಿಂತ ಅಗ್ಗದ ವೈನಿಗೆ ಮಾತ್ರ ರಿಯಾಯಿತಿ ಇಲ್ಲ.

ನನಗೆ ಇದು ಬರೀ ಪತ್ರಿಕೆಯ ಸುದ್ದಿಯಲ್ಲ. ಚಿಕ್ಕಬಳ್ಳಾಪುರದ ಹತ್ತಿರ ನಮ್ಮ ಚಿಕ್ಕಪ್ಪನಿಗೆ ಎರಡೆಕರೆ ದ್ರಾಕ್ಷಿ ಇದೆ. 2020ರ ಲಾಕ್‌ಡೌನಿನಲ್ಲಿ ಆ ಕಡೆಯ ಬೆಳೆಗಾರರು ಕೊಳ್ಳುವವರಿಲ್ಲದೆ ಕಂಗೆಟ್ಟದ್ದು ನಿಮಗೆ ನೆನಪಿರಬೇಕು. ಹಣ್ಣಾದ ದ್ರಾಕ್ಷಿ ಯಾರಿಗೂ ಕಾಯುವುದಿಲ್ಲ. ಅದು ಕಾಯುವುದು ವೈನಾದಾಗ ಮಾತ್ರ. ಸುಂಕದ ಸುದ್ದಿ ಕೇಳಿ ಚಿಕ್ಕಪ್ಪ ಫೋನು ಮಾಡಿದ್ದರು: ‘ಬಳ್ಳಿ ಕಿತ್ತಾಕ್ಲೇನಪ್ಪಾ? ನೀನು ಓದಿದೋನು, ಹೇಳು.’

ಹೇಳುವುದು ಸುಲಭವಿಲ್ಲ. ಯಾಕೆಂದರೆ ಅವರ ತೋಟದಲ್ಲಿರುವುದು ಬೆಂಗಳೂರು ನೀಲಿ ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಸೂಚಕ ಪಡೆದ ತಳಿ. (ಅದರ ಮೂಲವೂ ಅಮೆರಿಕದ್ದೇ, ಆದರೆ ಈಗ ಅದನ್ನು ಪರದೇಶಿ ಅನ್ನುವ ಧೈರ್ಯ ನನಗಿಲ್ಲ.) ತಿನ್ನಲು, ಜ್ಯೂಸಿಗೆ, ಹೆಚ್ಚೆಂದರೆ ಸಿಹಿಯಾದ ಪೋರ್ಟ್ ಮಾದರಿಯ ವೈನಿಗೆ ಅದು ಹೋಗುತ್ತದೆ. ನಾನು ಅಭಿಮಾನದಿಂದ ಕೊಳ್ಳುವ ದುಬಾರಿ ಕೆಂಪು ವೈನು ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್ ಎಂಬ ಬೇರೆಯದೇ ತಳಿಗಳದ್ದು. ಅಂದರೆ ನನ್ನ ಊರಾಭಿಮಾನದ ಒಂದು ಕಾಸೂ ಚಿಕ್ಕಪ್ಪನ ಚಪ್ಪರ ಮುಟ್ಟುವುದಿಲ್ಲ! ಮುಟ್ಟುವುದಿದ್ದರೆ, ವೈನ್ ಬಲ್ಲವರು ಮೂಗು ಮುರಿಯುವ ಆ ಅಗ್ಗದ ಸಿಹಿ ಬಾಟಲಿಯಿಂದ ಮುಟ್ಟಬೇಕು. ಆಸ್ಟ್ರೇಲಿಯಾದ ಒಪ್ಪಂದಕ್ಕೆ ಹೆದರಬೇಕಾದವರು ಶಿರಾಜ್ ಹಾಕಿದವರೇ ಹೊರತು ಅವರಲ್ಲ.

ಇನ್ನು ನಮ್ಮೊಳಗಿನ ಗೋಡೆಗಳು. ಮದ್ಯ ರಾಜ್ಯಪಟ್ಟಿಯ ವಿಷಯ, ಜಿಎಸ್‌ಟಿಗೂ ಹೊರಗೆ. ಕೇರಳದಲ್ಲಿ ಹೊರಗಿನ ಬಾಟಲಿ ಬಿವರೇಜಸ್ ನಿಗಮದ ಮೂಲಕವೇ ಬರಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಬೆಂಗಳೂರಿನ ಬೆಲೆ ಇಲ್ಲಿ ಕನಸು. ಸಾವಿರಾರು ಮೈಲಿ ದೂರದ ದೇಶಕ್ಕೆ ಬಾಗಿಲು ತೆರೆಯುವ ನಾವು ಪಕ್ಕದ ರಾಜ್ಯಕ್ಕೆ ಚಿಲಕ ಹಾಕಿಕೊಂಡಿದ್ದೇವೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೆ ನಮ್ಮ 2007ರ ನೀತಿ ಕೂಡ ರಾಜ್ಯದೊಳಗೆ ಮಾಡಿದ ವೈನಿಗೆ ರಿಯಾಯಿತಿ ತೋರಿಸಿದ್ದೇ. ನಾಸಿಕದವನು ಬೆಂಗಳೂರಿನಲ್ಲಿ ನಿಂತು ಇದೇ ಮಾತಾಡಿದರೆ ನಾನು ಏನು ಉತ್ತರ ಕೊಡಲಿ? ನಮ್ಮ ಬೇಲಿ ಸಂರಕ್ಷಣೆ, ಅವರದ್ದು ಅಡ್ಡಿ ಅನ್ನಲಿಕ್ಕಾಗುತ್ತದೆಯೇ?

ಇಲ್ಲಿ ನಿಜವಾಗಿ ಸ್ಥಳೀಯವಾದ ವೈನು ಎದುರುಮನೆ ಅಮ್ಮಚ್ಚಿಯದು. ಕ್ರಿಸ್ಮಸ್ಸಿಗೆ ಮುಂಚೆ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಚಕ್ಕೆ ಲವಂಗ ಹಾಕಿ ಕಟ್ಟಿಡುತ್ತಿದ್ದರು. 2019ರ ಕ್ರಿಸ್ಮಸ್ ಹೊತ್ತಿಗೆ, ಪರವಾನಗಿಯಿಲ್ಲದೆ ಮನೆಯಲ್ಲಿ ವೈನ್ ಮಾಡುವುದು ಅಬ್ಕಾರಿ ಕಾಯ್ದೆಯಡಿ ಅಪರಾಧ ಅಂತ ಅಬಕಾರಿ ಇಲಾಖೆ ಎಚ್ಚರಿಸಿತು. ಅಮ್ಮಚ್ಚಿ ಭರಣಿಯನ್ನು ಉಪ್ಪಿನಕಾಯಿಗೆ ಕೊಟ್ಟರು. 2022ರಲ್ಲಿ ಹಣ್ಣಿನ ವೈನ್ ಮಾಡುವ ಸಣ್ಣ ಘಟಕಗಳಿಗೆ ಕೇರಳ ನಿಯಮ ರೂಪಿಸಿತು, ನಿಜ. ಎಂಬತ್ತರ ಅಮ್ಮಚ್ಚಿ ಲೈಸೆನ್ಸಿಗೆ ಎಲ್ಲಿ ಅರ್ಜಿ ಹಾಕುತ್ತಾರೆ? ಸ್ಥಳೀಯವನ್ನು ಬೆಂಬಲಿಸಿ ಅನ್ನುವವರು ಯಾರೂ ಅವರ ಭರಣಿಯನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಹಾಗಾದರೆ ನಾನು ನಮ್ಮ ವೈನಿಗೆ ಹೆಚ್ಚು ಹಣ ಕೊಡುವುದನ್ನು ಬಿಡಬೇಕೇ? ಬಿಟ್ಟಿಲ್ಲ. ಗುಣದಲ್ಲಿ ಸರಿಸಮ ಇದ್ದರೆ ನೂರು ರೂಪಾಯಿ ಹೆಚ್ಚು ಕೊಡುತ್ತೇನೆ, ಅದು ನನ್ನ ಖುಷಿ. ಆದರೆ ಅದನ್ನು ಪಟ್ಟಂನ ಮಲಯಾಳಿ ಗೆಳೆಯನಿಂದ ಕೇಳುವ ಹಕ್ಕು ನನಗಿಲ್ಲ. ಶೇ. 150ರ ಗೋಡೆ ಶಾಶ್ವತವಾಗಿರಲಿ ಅಂತ ಕೇಳುವುದಂತೂ, ನನ್ನ ಪ್ರೀತಿಯ ಬಿಲ್ಲನ್ನು ಊರವರ ಜೇಬಿಗೆ ಕಳಿಸಿದಂತೆ.

ಚಿಕ್ಕಪ್ಪನಿಗೆ ಹೇಳಿದೆ: ‘ಸುಂಕಕ್ಕೆ ಹೆದರಿ ಕೀಳಬೇಡಿ. ನಮ್ಮೂರೋರು ಅಭಿಮಾನಕ್ಕೆ ಕೊಳ್ತಾರೆ ಅಂತ ಉಳಿಸ್ಕೊಳ್ಳಲೂ ಬೇಡಿ. ಸುಗ್ಗಿಗೆ ಮುಂಚೇನೇ ದರ ಬರೆದುಕೊಡೋ ವೈನರಿ ಸಿಗುತ್ತಾ ನೋಡಿ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೆದುಕೊಡೋರು ಯಾರಿದಾರೆ ಹೇಳು’ ಅಂದರು. ಈ ವರ್ಷ ಒಂದೆಕರೆಯಲ್ಲಿ ಬಳ್ಳಿ ಉಳಿದಿದೆ. ಇನ್ನೊಂದರಲ್ಲಿ ಹಿಪ್ಪುನೇರಳೆ.